ಡೇರೆ ಎತ್ತಿದ ಮೇಲೆ

ವೀಕ್ಷಕರೇ, ಸರ್ಕಸ್ ಅಂದ ಕೂಡಲೇ ನಿಮ್ಮ ಕಣ್ಣಿಗೆ ಕಟ್ಟೋದು ಏನು? ಬಯಲಲ್ಲಿ ಎದ್ದು ನಿಂತ ಡೇರೆ. ಬಾಗಿಲಲ್ಲಿ ಟಿಕೆಟ್. ಒಳಗೆ ಝಗಝಗ ಬೆಳಕು. ಆ ಬೆಳಕಿನಲ್ಲಿ ತನ್ನ ಮೈಯನ್ನೇ ಬಂಡವಾಳ ಮಾಡಿಕೊಂಡು ದುಡಿಯೋ ಕಲಾವಿದ. ಕುಮಟಾ, ಹೊನ್ನಾವರ, ಭಟ್ಕಳದ ಕಡೆಯವರನ್ನ ಕೇಳಿ ನೋಡಿ. ಇದೆಲ್ಲ ಅವರಿಗೂ ಚೆನ್ನಾಗಿ ಗೊತ್ತು. ಆದರೆ ಅವರು ಸರ್ಕಸ್ ಅನ್ನಲ್ಲ, 'ಆಟ' ಅಂತಾರೆ. ಯಕ್ಷಗಾನದ ಡೇರೆ ಮೇಳದ ಆಟ.

ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಯಕ್ಷಗಾನಕ್ಕೆ ದೇವಸ್ಥಾನದ ನಂಟಿದೆ, ಪ್ರಸಂಗ ಇದೆ, ಮಾತುಗಾರಿಕೆ ಇದೆ. ಆದರೆ ಊರಿಂದೂರಿಗೆ ಡೇರೆ ಹೊತ್ತು ತಿರುಗುವವನ ಬದುಕು ಎರಡೂ ಕಡೆ ಒಂದೇ. ಅಷ್ಟೇ ಅಲ್ಲ, ಇವೆರಡರ ದಾರಿ ಇತಿಹಾಸದಲ್ಲೂ ಒಂದೇ ಸೀಮೆಯನ್ನ ಹಾದು ಹೋಗಿದೆ.

1842ರಲ್ಲಿ ಹೊನ್ನಾವರದ ಕಡೆಯ ಮೇಳವೊಂದು ಸಾಂಗ್ಲಿಗೆ ಹೋಗಿ ಆಟ ಆಡಿತು. ಅದು ಕರ್ಕಿ ಮೇಳ ಅನ್ನೋದು ನಮ್ಮಲ್ಲಿ ನಡೆದು ಬಂದಿರೋ ಮಾತು. ಆಟ ನೋಡಿದ ಸಾಂಗ್ಲಿಯ ದೊರೆ, ಮರಾಠಿಯಲ್ಲೂ ಇಂಥದ್ದೊಂದು ಆಗಲಿ ಅಂತ ವಿಷ್ಣುದಾಸ್ ಭಾವೆಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿ ಹುಟ್ಟಿದ್ದು ಹೀಗೆ. ಅದೇ ಸಾಂಗ್ಲಿ ಸೀಮೆಯ ಅಂಕಲಖೋಪದವರು ವಿಷ್ಣುಪಂತ ಛತ್ರೆ. ಕುದುರೆ ಪಳಗಿಸುವುದರಲ್ಲಿ ಎತ್ತಿದ ಕೈ. 1880ರಲ್ಲಿ ಭಾರತೀಯರದೇ ಆದ ಮೊದಲ ಸರ್ಕಸ್ ಕಟ್ಟಿದವರು ಇವರೇ. ಆ ಸರ್ಕಸ್ ಕೇರಳದ ತಲಶ್ಶೇರಿಗೆ ಹೋಯಿತು. ಅಲ್ಲಿ ಕೀಲೇರಿ ಕುಞಿಕಣ್ಣನ್ ಎಂಬ ಗುರು ಹುಡುಗರನ್ನ ತಯಾರು ಮಾಡಿದರು. ಮುಂದೆ ದೇಶದ ಎಷ್ಟೋ ಸರ್ಕಸ್‌ಗಳಿಗೆ ತಲಶ್ಶೇರಿಯೇ ತವರಾಯಿತು.

ಈಗ ನಮ್ಮ ಕರಾವಳಿಗೆ ಬನ್ನಿ. ಡೇರೆ ಕಲಾವಿದನ ಬದುಕು ಎಂಥದ್ದು ಅಂತ ತಿಳಿಯೋಕೆ ಒಂದೇ ಹೆಸರು ಸಾಕು: ಚಿಟ್ಟಾಣಿ ರಾಮಚಂದ್ರ ಹೆಗಡೆ. 1933ರಲ್ಲಿ ಹೊನ್ನಾವರ ತಾಲೂಕಿನ ಹೊಸಾಕುಳಿಯಲ್ಲಿ ಹುಟ್ಟಿದರು. ಎರಡನೇ ಕ್ಲಾಸಿಗೆ ಶಾಲೆ ಮುಗೀತು. ಆಮೇಲೆ ಮೇಳವೇ ಶಾಲೆ, ಚೌಕಿಯೇ ಮನೆ. ಭಸ್ಮಾಸುರ, ಕೀಚಕ, ದುಷ್ಟಬುದ್ಧಿ, ಗದಾಯುದ್ಧದ ಕೌರವ. ಚಿಟ್ಟಾಣಿ ವೇಷ ಇದೆ ಅಂದರೆ ಸಾಕು, ಡೇರೆ ತುಂಬ್ತಿತ್ತು. ಕಣ್ಣಲ್ಲೇ ಅರ್ಧ ಕಥೆ ಹೇಳಿಬಿಡ್ತಿದ್ದರು. ಉಳಿದರ್ಧ ಕಾಲಲ್ಲಿ.

ಇದು ಅತಿಯಾಯ್ತು ಅಂದವರೂ ಇದ್ದರು ಕಣ್ರೀ. ಸಂಪ್ರದಾಯ ಕೆಟ್ಟಿತು, ಚಪ್ಪಾಳೆಗಾಗಿ ಕುಣಿಯೋದು ಕಲೆಯಾ ಅಂತ ಕೇಳಿದರು. ಆದರೆ ಟಿಕೆಟ್ ಕೊಂಡು ಕೂತವನಿಗೆ ಬೇಜಾರಾದರೆ ಮರುದಿನ ಮೇಳದ ಒಲೆ ಉರಿಯಲ್ಲ. ಈ ಲೆಕ್ಕ ಮಾತಾಡುವವರಿಗಿಂತ ಕುಣಿಯುವವನಿಗೆ ಚೆನ್ನಾಗಿ ಗೊತ್ತಿತ್ತು. ಯಾವ ಶೈಲಿಯನ್ನ ಆಡಿಕೊಂಡರೋ ಅದೇ ಮುಂದೆ 'ಚಿಟ್ಟಾಣಿ ಘರಾನಾ' ಅನ್ನಿಸಿಕೊಂಡಿತು. 2012ರಲ್ಲಿ ಪದ್ಮಶ್ರೀ ಬಂತು. ಯಕ್ಷಗಾನಕ್ಕೆ ಬಂದ ಮೊದಲ ಪದ್ಮಶ್ರೀ ಅದು. ಆಗ ಅವರಿಗೆ 79 ವರ್ಷ. ಎಂಬತ್ತು ದಾಟಿದ ಮೇಲೂ ಗೆಜ್ಜೆ ಬಿಚ್ಚಲಿಲ್ಲ. 2017ರ ಅಕ್ಟೋಬರ್ 3ರಂದು ಮಣಿಪಾಲದಲ್ಲಿ ತೀರಿಕೊಂಡರು.

ಅದೇ ತಾಲೂಕಿನ ಕೆರೆಮನೆಯವರದ್ದು ಇನ್ನೊಂದು ದಾರಿ. ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಮಗ ಶಂಭು ಹೆಗಡೆ ಗುಣವಂತೆಯಲ್ಲಿ ಯಕ್ಷಗಾನ ಕಲಿಸುವ ಕೇಂದ್ರವನ್ನೇ ತೆರೆದರು. 2009ರ ಫೆಬ್ರವರಿಯಲ್ಲಿ ಇಡಗುಂಜಿಯ ರಥೋತ್ಸವದ ಆಟ. ವೇಷ ಕಟ್ಟಿದ್ದಾಗಲೇ ಹೃದಯಾಘಾತ ಆಯ್ತು. ಶಂಭು ಹೆಗಡೆ ಹೋಗಿಬಿಟ್ಟರು. ಎಂಥಾ ಪುಣ್ಯದ ಸಾವು ಅಂತ ನಾವೆಲ್ಲ ಕೈ ಮುಗಿದೆವು.

ಮುಗಿಯೋಣ, ತಪ್ಪಿಲ್ಲ. ಆದರೆ ಒಂದು ಪ್ರಶ್ನೆ. ಒಂದು ಮೇಳದಲ್ಲಿ ಚಿಟ್ಟಾಣಿ ಒಬ್ಬರೇ. ಅವರ ಹಿಂದೆ ಮುಂದೆ ಕುಣಿದ ಕಟ್ಟುವೇಷದವರು, ಸ್ತ್ರೀವೇಷದವರು, ಹಾಸ್ಯಗಾರರು, ಬಾಲಗೋಪಾಲರು ಎಷ್ಟು ಮಂದಿ? ರಾತ್ರಿಯಿಡೀ ಚಂಡೆ ಬಾರಿಸಿದವರು, ಡೇರೆಯ ಗೂಟ ಹೊಡೆದವರು ಎಷ್ಟು ಮಂದಿ? ಮಂಡಿಯೂರಿ ಗಿರಕಿ ಹೊಡೆದ ಕಾಲು ಐವತ್ತಕ್ಕೇ ನೋಯೋಕೆ ಶುರುವಾದರೆ ಅವನು ಏನು ಮಾಡಬೇಕು? ಈಗ ಟಿಕೆಟ್ ಆಟ ಕಮ್ಮಿಯಾಗಿದೆ. ಬೆಳಗಿನ ತನಕ ನಡೀತಿದ್ದ ಆಟ ಎಷ್ಟೋ ಕಡೆ ಮೂರು ನಾಲ್ಕು ಗಂಟೆಯ ಕಾಲಮಿತಿಗೆ ಇಳಿದಿದೆ. ಹೆಸರಾದವರಿಗೆ ಮಳೆಗಾಲದಲ್ಲೂ ಬೆಂಗಳೂರು, ಮುಂಬೈನಿಂದ ಕರೆ ಬರುತ್ತೆ. ಉಳಿದವರಿಗೆ?

ಇದಕ್ಕೆ ಉತ್ತರ ದೂರದಲ್ಲೇನೂ ಇಲ್ಲ, ತದಡಿಯಲ್ಲೇ ಇದೆ. ಅಘನಾಶಿನಿ ಕಡಲು ಸೇರುವ ಕಡೆ ಇರೋ ಬಂದರು ಅದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಅಲ್ಲಿನ ಯಾಂತ್ರಿಕ ದೋಣಿಗಳು ಮೀನಿಗೆ ಹೋಗೋ ಹಾಗಿಲ್ಲ. ಕೆಲಸ ಇಲ್ಲದ ದಿನಗಳಿಗೆ ಅಂತಲೇ ಮೀನುಗಾರರಿಗೆ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ದುಡಿಮೆಯ ಕಾಲದಲ್ಲಿ ಮೀನುಗಾರ ಒಂದಿಷ್ಟು ಕಟ್ಟುತ್ತಾನೆ, ಸರ್ಕಾರ ಅದಕ್ಕೆ ತನ್ನ ಪಾಲು ಸೇರಿಸಿ ಕಷ್ಟಕಾಲದಲ್ಲಿ ವಾಪಸ್ ಕೊಡುತ್ತೆ. ಮೇಳದವನಿಗೂ ಮಳೆಗಾಲ ಅಂದರೆ ಅದೇ ಅಲ್ವಾ? ದೋಣಿ ದಡ ಹತ್ತೋ ಹೊತ್ತಿಗೇ ಡೇರೆಯೂ ಮಡಚುತ್ತೆ, ಗೆಜ್ಜೆ ಪೆಟ್ಟಿಗೆ ಸೇರುತ್ತೆ. ಇಂಥದ್ದೇ ಯೋಜನೆ ಅವನಿಗೆ ಯಾಕೆ ಬೇಡ?

ಕೇರಳ ತನ್ನ ವಯಸ್ಸಾದ ಸರ್ಕಸ್ ಕಲಾವಿದರನ್ನ ಗುರುತಿಸಿ ಪಿಂಚಣಿ ಕೊಡುತ್ತೆ. ನಮ್ಮಲ್ಲೂ ಕಲಾವಿದರಿಗೆ ಮಾಸಾಶನ ಇದೆ, ಇಲ್ಲ ಅನ್ನಲ್ಲ. ಆದರೆ ಅದು ಮುಪ್ಪಿನ ಮಾತಾಯ್ತು. ಮಂಡಿ ನೋಯ್ತಿದ್ದರೂ ವಯಸ್ಸು ಇನ್ನೂ ಬಾಕಿ ಇರುವವನ ಕಥೆ ಏನು? ನಿತ್ಯ ಒಂದೂರಲ್ಲಿ ಬಣ್ಣ ಹಚ್ಚಿ, ಬೆಳಗಾದರೆ ಇನ್ನೊಂದೂರಿಗೆ ಹೊರಟವನು ಯಾವ ದಾಖಲೆ ಇಟ್ಟುಕೊಂಡು ಕಚೇರಿ ಬಾಗಿಲು ತಟ್ಟಬೇಕು?

ಪ್ರಶಸ್ತಿ ಕೊಟ್ಟಾಗ ನಾವು ಬ್ರೇಕಿಂಗ್ ನ್ಯೂಸ್ ಮಾಡ್ತೀವಿ. ತೀರಿಕೊಂಡಾಗ ಶ್ರದ್ಧಾಂಜಲಿ ಕಾರ್ಯಕ್ರಮ ಮಾಡ್ತೀವಿ. ಇವೆರಡಕ್ಕೂ ಮೊದಲು ಎಷ್ಟೋ ಮಳೆಗಾಲ ಬಂದು ಹೋಗಿರುತ್ತೆ ಸ್ವಾಮಿ. ಆ ಮಳೆಗಾಲಗಳಲ್ಲಿ ಅವರ ಮನೆಯ ಒಲೆ ಹೇಗೆ ಉರೀತಿತ್ತು ಅನ್ನೋದನ್ನ ಯಾರಾದರೂ ಒಮ್ಮೆ ವಿಚಾರಿಸಬೇಕಲ್ಲ? ಶುರು ಮಾಡೋಕೆ ಮುಂದಿನ ಜೂನ್ ಸಾಕು.