ಬ್ರಿಟನ್ ನಿರ್ಗಮನ: ತತ್ವಕ್ಕೆ ಬೆಲೆ ತೆತ್ತವರು ಯಾರು?

ರಾಜಕಾರಣಿಗಳಿಗೆ ತತ್ವನಿಷ್ಠೆ ಇದೆಯೇ? ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ತೊರೆದ ಇತಿಹಾಸದಲ್ಲಿ ಈ ಪ್ರಶ್ನೆಗೆ ಒಂದಲ್ಲ, ಹಲವು ಉತ್ತರಗಳಿವೆ.

2016ರ ಜೂನ್ 23ರ ಜನಮತಗಣನೆಯಲ್ಲಿ ಶೇ. 51.9ರಷ್ಟು ಮತಗಳು ನಿರ್ಗಮನದ ಪರ ಬಿದ್ದವು. ಒಕ್ಕೂಟದಲ್ಲೇ ಉಳಿಯಬೇಕೆಂದು ವಾದಿಸಿದ್ದ ಪ್ರಧಾನಿ ಡೇವಿಡ್ ಕ್ಯಾಮರಾನ್ ಮರುದಿನವೇ ರಾಜೀನಾಮೆ ಘೋಷಿಸಿದರು. ಅದು ಹೊಣೆ ಹೊತ್ತದ್ದೋ, ಹೊಣೆಯಿಂದ ಜಾರಿಕೊಂಡದ್ದೋ? ನಿರ್ಗಮನವಾದಿಗಳಾದರೋ, ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟದ ಪಾಲಾಗುತ್ತಿದೆಯೆಂದು ಬಸ್ಸಿನ ಮೇಲೆ ಬರೆಸಿ ಪ್ರಚಾರ ಮಾಡಿದ್ದರು. ಬ್ರಿಟನ್ನಿಗೆ ದೊರೆಯುತ್ತಿದ್ದ ರಿಯಾಯಿತಿಯನ್ನು ಅದರಲ್ಲಿ ಕಳೆದಿರಲಿಲ್ಲ. ಅಂಕಿಅಂಶ ಪ್ರಾಧಿಕಾರವು ಇದು ದಾರಿ ತಪ್ಪಿಸುವ ಲೆಕ್ಕವೆಂದು ಎಚ್ಚರಿಸಿತ್ತು. ಆ ಪ್ರಚಾರದ ಮುಂದಾಳು ಬೋರಿಸ್ ಜಾನ್ಸನ್ 2019ರ ಜುಲೈಯಲ್ಲಿ ಪ್ರಧಾನಿಯಾದರು.

ಅದೇ ಸೆಪ್ಟೆಂಬರ್ 3ರಂದು, ಒಪ್ಪಂದವಿಲ್ಲದ ನಿರ್ಗಮನವನ್ನು ತಡೆಯಲು ಆಡಳಿತ ಕನ್ಸರ್ವೇಟಿವ್ ಪಕ್ಷದ 21 ಸಂಸದರು ಸ್ವಂತ ಸರ್ಕಾರದ ವಿರುದ್ಧ ಮತ ಹಾಕಿದರು. ವಿನ್ಸ್‌ಟನ್ ಚರ್ಚಿಲ್‌ರ ಮೊಮ್ಮಗ ನಿಕೋಲಸ್ ಸೋಮ್ಸ್ ಅವರಲ್ಲೊಬ್ಬರು. ಎಲ್ಲರನ್ನೂ ಸಂಸದೀಯ ಪಕ್ಷದಿಂದ ಹೊರಹಾಕಲಾಯಿತು. 10 ಮಂದಿ ಅಕ್ಟೋಬರ್‌ನಲ್ಲಿ ಮರಳಿದರು. ಹೊರಗುಳಿದ ಡಾಮಿನಿಕ್ ಗ್ರೀವ್ ಡಿಸೆಂಬರ್ ಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತು ಸೋತರು.

ಈ ನಡುವೆ ಸಂಸತ್ತಿನ ಅಧಿವೇಶನವನ್ನೇ ಮುಂದೂಡಿದ ಸರ್ಕಾರದ ಕ್ರಮ ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಸೆಪ್ಟೆಂಬರ್ 24ರಂದು ಒಮ್ಮತದಿಂದ ತೀರ್ಪಿತ್ತರು. ಆದರೆ ಡಿಸೆಂಬರ್‌ನಲ್ಲಿ ಮತದಾರರು ಜಾನ್ಸನ್ ಪಕ್ಷಕ್ಕೇ 365 ಸ್ಥಾನ ಕೊಟ್ಟರು. 2020ರ ಜನವರಿ 31ರಂದು ಬ್ರಿಟನ್ ಹೊರನಡೆಯಿತು.

ತತ್ವನಿಷ್ಠರು ಎರಡೂ ಕಡೆ ಇದ್ದರು. ಆದರೆ ನ್ಯಾಯಾಲಯ ಕೇಳಿದ ಲೆಕ್ಕವನ್ನು ಮತಪೆಟ್ಟಿಗೆ ಕೇಳಲಿಲ್ಲ. ಹಾಗಾದರೆ ಸಂಸದನು ಉತ್ತರ ಹೇಳಬೇಕಾದದ್ದು ತನ್ನ ಅಂತಃಸಾಕ್ಷಿಗೋ, ಜನರ ತೀರ್ಪಿಗೋ? ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ತರಗತಿಯಲ್ಲಿ ಚರ್ಚಿಸಬೇಕು. ನಾಳೆ ಲೆಕ್ಕ ಕೇಳಬೇಕಾದ ಮತದಾರರು ಅವರೇ.