ಗಡಿಯಾಚೆಗಿನ ಕರೆ: ಪ್ರೋಗ್ರಾಂ ಮತ್ತು ಲೈಬ್ರರಿಗಳ ನಡುವಿನ ಒಪ್ಪಂದದ ಚರಿತ್ರೆ

ಕಂಪ್ಯೂಟರಿನಲ್ಲಿ ನಾವು ತೆರೆದು ಕೂರುವ ಯಾವ ತಂತ್ರಾಂಶವೂ ತನ್ನ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುವುದಿಲ್ಲ. ಪತ್ರ ಬರೆಯುವ ಪ್ರೋಗ್ರಾಂ ಅಕ್ಷರ ಮೂಡಿಸಲು ಒಂದು ಲೈಬ್ರರಿಯನ್ನು ಕರೆಯುತ್ತದೆ, ಕಾಗುಣಿತದ ತಪ್ಪು ಹುಡುಕಲು ಇನ್ನೊಂದನ್ನು, ಕಡತವನ್ನು ಕುಗ್ಗಿಸಲು ಮತ್ತೊಂದನ್ನು. ಆ ಲೈಬ್ರರಿಗಳನ್ನು ಬರೆದವರು ಬೇರೆ, ಬರೆದ ಭಾಷೆ ಬೇರೆ, ಬರೆದ ಕಾಲವೂ ಬೇರೆ. ಆದರೂ ಕೆಲಸ ಕೂಡಿಬರುತ್ತದೆ. ಕರೆಯುವವರು ಮೌಲ್ಯಗಳನ್ನು ಎಲ್ಲಿ ಇಡಬೇಕು, ಉತ್ತರ ಎಲ್ಲಿ ಸಿಗುತ್ತದೆ, ಬಳಸಿದ ಮೆಮೊರಿಯನ್ನು ಯಾರು ತೆರವು ಮಾಡಬೇಕು ಎಂಬ ಬಗ್ಗೆ ಎರಡೂ ಕಡೆಯವರು ಒಂದು ಒಪ್ಪಂದಕ್ಕೆ ಬದ್ಧರಾಗಿರುವುದೇ ಅದಕ್ಕೆ ಕಾರಣ. ಈ ಕ್ಷೇತ್ರದ ಎಪ್ಪತ್ತೈದು ವರ್ಷಗಳನ್ನು ಒಟ್ಟಿಗೆ ನೋಡಿದರೆ ಕಾಣುವ ಎಳೆ ಒಂದೇ. ಆ ಒಪ್ಪಂದವನ್ನು ಪ್ರೋಗ್ರಾಮರನ ನೆನಪಿನಿಂದ ಬರಹಕ್ಕೆ, ಬರಹದಿಂದ ಯಂತ್ರವೇ ಪರೀಕ್ಷಿಸಬಲ್ಲ ರೂಪಕ್ಕೆ ತರುವ ಪ್ರಯತ್ನ ಅದು.

ಟೇಪುಗಳ ಕಪಾಟು

1949ರ ಮೇ 6ರಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್ಸ್ಯಾಕ್ ಗಣಕ ತನ್ನ ಮೊದಲ ಪ್ರೋಗ್ರಾಂ ನಡೆಸಿತು. ವರ್ಗಮೂಲ ತೆಗೆಯುವುದು, ಉತ್ತರವನ್ನು ಮುದ್ರಿಸುವುದು ಮುಂತಾದ ಕೆಲಸಗಳಿಗೆ ಪ್ರತಿಯೊಬ್ಬರೂ ಹೊಸದಾಗಿ ಸೂಚನೆ ಬರೆದು, ಪ್ರತಿ ಸಲವೂ ಹೊಸ ತಪ್ಪು ಮಾಡುವುದು ವ್ಯರ್ಥ ಎಂಬುದು ಮಾರಿಸ್ ವಿಲ್ಕ್ಸ್ ಮತ್ತು ಅವರ ಸಂಗಡಿಗರಿಗೆ ಬೇಗನೆ ಮನದಟ್ಟಾಯಿತು. ಪರೀಕ್ಷಿಸಿ ಸರಿಯೆಂದು ಕಂಡ ಉಪಪ್ರೋಗ್ರಾಂಗಳನ್ನು ಕಾಗದದ ಟೇಪಿನಲ್ಲಿ ತೂತು ಕೊರೆದು ಕಪಾಟಿನಲ್ಲಿ ಜೋಡಿಸಿಟ್ಟರು. 1951ರ ಹೊತ್ತಿಗೆ ಅಂಥವು 87 ಇದ್ದವು. ಅದೇ ವರ್ಷ ವಿಲ್ಕ್ಸ್, ಡೇವಿಡ್ ವ್ಹೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಈ ಪದ್ಧತಿಯನ್ನು ವಿವರಿಸುವ ಪುಸ್ತಕ ತಂದರು.

ಕಪಾಟಿನಿಂದ ಟೇಪು ತಂದು ಸೇರಿಸುವುದು ಸುಲಭವಾಗಿತ್ತು, ಕೆಲಸ ಮುಗಿದ ಮೇಲೆ ಕರೆದ ಜಾಗಕ್ಕೇ ಹಿಂತಿರುಗುವುದು ಕಷ್ಟವಾಗಿತ್ತು. ಎಲ್ಲಿಂದ ಬಂದೆ ಎಂದು ನೆನಪಿಡುವ ಸೂಚನೆಯೇ ಎಡ್ಸ್ಯಾಕ್‌ನಲ್ಲಿ ಇರಲಿಲ್ಲ. ವ್ಹೀಲರ್ ಒಂದು ದಾರಿ ಹುಡುಕಿದರು. ಕರೆಯುವ ಪ್ರೋಗ್ರಾಂ ತನ್ನ ವಿಳಾಸವನ್ನೇ ಹೊತ್ತ ಸೂಚನೆಯೊಂದನ್ನು ಅಕ್ಯುಮುಲೇಟರಿಗೆ ತುಂಬಿ ಜಿಗಿಯುತ್ತದೆ. ಉಪಪ್ರೋಗ್ರಾಂ ಅದಕ್ಕೊಂದು ಸ್ಥಿರಸಂಖ್ಯೆ ಕೂಡಿಸಿ, ವಾಪಸು ಜಿಗಿಯುವ ಸೂಚನೆಯನ್ನು ತಯಾರಿಸಿ, ತನ್ನ ಕೊನೆಯ ಸಾಲಿನಲ್ಲಿ ತಾನೇ ಬರೆದುಕೊಳ್ಳುತ್ತದೆ. ವ್ಹೀಲರ್ ಜಂಪ್ ಎಂದು ಹೆಸರಾದ ಈ ಕ್ರಮದಲ್ಲೇ ಮುಂದಿನ ಎಲ್ಲದರ ಬೀಜವಿದೆ. ಅಕ್ಯುಮುಲೇಟರಿನಲ್ಲಿ ಏನಿರುತ್ತದೆ ಎಂದು ಎರಡೂ ಕಡೆಯವರು ಮೊದಲೇ ಒಪ್ಪಿರಬೇಕು. ಒಬ್ಬರು ತಪ್ಪಿದರೆ ಎಚ್ಚರಿಸುವವರು ಯಾರೂ ಇಲ್ಲ.

1958ರಲ್ಲಿ ಬಂದ ಫೋರ್ಟ್ರಾನ್ 2 ಉಪಪ್ರೋಗ್ರಾಂಗಳನ್ನು ಬೇರೆಬೇರೆಯಾಗಿ ಕಂಪೈಲ್ ಮಾಡಿ ನಂತರ ಜೋಡಿಸುವ ಅವಕಾಶ ಕೊಟ್ಟಿತು. ಜೋಡಿಸುವ ಕೆಲಸ ಲಿಂಕರ್‌ನ ಪಾಲಾಯಿತು. ವಿಜ್ಞಾನ ಮತ್ತು ಎಂಜಿನಿಯರಿಂಗ್ ಲೆಕ್ಕಗಳ ದೊಡ್ಡ ಸಂಗ್ರಹಗಳು ಬೆಳೆದದ್ದು ಈ ನೆಲದಲ್ಲಿ. 1979ರಲ್ಲಿ ಪ್ರಕಟವಾದ ಬ್ಲಾಸ್ ಎಂಬ ರೇಖೀಯ ಬೀಜಗಣಿತದ ಸಂಗ್ರಹ ಅವುಗಳಲ್ಲಿ ಒಂದು. ಇಂದು ಪೈಥಾನ್‌ನ ನಂಪೈ ಬಳಸಿ ಮ್ಯಾಟ್ರಿಕ್ಸ್ ಗುಣಿಸುವವರು ಆ ಸಂಗ್ರಹದ ಮುಂದಿನ ರೂಪಗಳ ಕರೆಯ ವಿಧಾನವನ್ನೇ ಒಳಗೊಳಗೆ ಬಳಸುತ್ತಿರುತ್ತಾರೆ.

ಓಡುವಾಗ ಜೋಡಣೆ

ಲಿಂಕರ್ ಲೈಬ್ರರಿಯ ಕೋಡನ್ನು ಪ್ರೋಗ್ರಾಂ ಒಳಗೇ ನಕಲಿಸಿಬಿಟ್ಟರೆ ಎರಡು ತೊಂದರೆ. ಹತ್ತು ಪ್ರೋಗ್ರಾಂಗಳು ಅದೇ ಕೋಡಿನ ಹತ್ತು ಪ್ರತಿಗಳನ್ನು ಹೊರಬೇಕು, ಲೈಬ್ರರಿಯ ದೋಷ ತಿದ್ದಿದರೆ ಹತ್ತನ್ನೂ ಮತ್ತೆ ಕಟ್ಟಬೇಕು. ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಸೇರಿ 1960ರ ದಶಕದಲ್ಲಿ ಕಟ್ಟಲು ಹೊರಟ ಮಲ್ಟಿಕ್ಸ್ ವ್ಯವಸ್ಥೆ ಇದಕ್ಕೆ ಬೇರೆ ಪರಿಹಾರ ಕಂಡಿತು. ಅಲ್ಲಿ ಫಂಕ್ಷನನ್ನು ಮೊದಲ ಸಲ ಕರೆದ ಗಳಿಗೆಯಲ್ಲಿ ಅದರ ವಿಳಾಸ ಹುಡುಕಿ ಜೋಡಿಸಲಾಗುತ್ತಿತ್ತು.

ಮೇಜಿನ ಮೇಲಿನ ಕಂಪ್ಯೂಟರಿಗೆ ಈ ವಿಚಾರ ಬಂದದ್ದು ಮೆಮೊರಿಯ ಬಡತನದಿಂದ. 1985ರ ನವೆಂಬರಿನಲ್ಲಿ ಹೊರಬಂದ ವಿಂಡೋಸ್ 1.0 ಕೇವಲ 256 ಕಿಲೋಬೈಟ್ ಮೆಮೊರಿಯಲ್ಲಿ ಓಡಬೇಕಿತ್ತು. ಕಿಟಕಿ ಬಿಡಿಸುವ, ಮೆನು ತೋರಿಸುವ ಕೋಡನ್ನು ಪ್ರತಿ ಪ್ರೋಗ್ರಾಂ ಹೊತ್ತು ತರುವ ಹಾಗಿರಲಿಲ್ಲ. ಕರ್ನಲ್, ಯೂಸರ್, ಜಿಡಿಐ ಎಂಬ ಮೂರು ಡೈನಮಿಕ್ ಲಿಂಕ್ ಲೈಬ್ರರಿಗಳು (ಡಿಎಲ್ಎಲ್) ಆ ಭಾರ ಹೊತ್ತವು. ಯುನಿಕ್ಸ್ ಕಡೆಯಲ್ಲಿ 1988ರ ಸನ್‌ಓಎಸ್ 4.0 ಹಂಚಿಕೆಯ ಲೈಬ್ರರಿಗಳನ್ನು ತಂದಿತು. ಪ್ರೋಗ್ರಾಂ ಓಡುತ್ತಿರುವಾಗಲೇ ಹೆಸರು ಹೇಳಿ ಲೈಬ್ರರಿಯನ್ನು ತೆರೆಯುವ 'ಡಿಎಲ್‌ಓಪನ್' ಎಂಬ ಫಂಕ್ಷನ್ ಲಿನಕ್ಸ್‌ನಲ್ಲಿ ಇಂದಿಗೂ ಬಳಕೆಯಲ್ಲಿದೆ. ಪ್ಲಗಿನ್ ಎಂದು ನಾವು ಕರೆಯುವುದರ ತಳಹದಿ ಇದೇ.

ಒಂದು ಕರೆಯ ಒಳಗೆ

1991ರ ಮೇ ತಿಂಗಳಲ್ಲಿ ಬಂದ ವಿಷುವಲ್ ಬೇಸಿಕ್, ಸಿ ಭಾಷೆ ತಿಳಿಯದವರಿಗೂ ಈ ಲೈಬ್ರರಿಗಳ ಬಾಗಿಲು ತೆರೆಯಿತು. 'ಡಿಕ್ಲೇರ್' ಎಂಬ ಒಂದೇ ಸಾಲಿನಲ್ಲಿ ಫಂಕ್ಷನ್ನಿನ ಹೆಸರು, ಲೈಬ್ರರಿಯ ಹೆಸರು ಮತ್ತು ಕೊಡಬೇಕಾದ ಮೌಲ್ಯಗಳ ವಿವರ ಬರೆದರೆ ಸಾಕಿತ್ತು. ಲೆಕ್ಕಪತ್ರದ, ದಾಸ್ತಾನಿನ ಸಣ್ಣ ತಂತ್ರಾಂಶ ಬರೆಯುತ್ತಿದ್ದ ಅಸಂಖ್ಯ ಜನ ಈ ಸಾಲಿನ ಮೂಲಕವೇ ವಿಂಡೋಸ್‌ನ ಒಳಗನ್ನು ಮುಟ್ಟಿದರು.

ಪರದೆಯಲ್ಲಿ ಸಂದೇಶ ತೋರಿಸುವ 'ಮೆಸೇಜ್‌ಬಾಕ್ಸ್' ಫಂಕ್ಷನ್ನನ್ನು ಹತ್ತಿರದಿಂದ ನೋಡೋಣ. ಅದಕ್ಕೆ ನಾಲ್ಕು ಮೌಲ್ಯ ಬೇಕು: ಯಾವ ಕಿಟಕಿಯ ಪರವಾಗಿ, ಏನು ಸಂದೇಶ, ಏನು ಶೀರ್ಷಿಕೆ, ಯಾವ ಗುಂಡಿಗಳು. 32 ಬಿಟ್ ವಿಂಡೋಸ್‌ನಲ್ಲಿ ಕರೆಯುವವರು ಈ ನಾಲ್ಕನ್ನು ಬಲದಿಂದ ಎಡಕ್ಕೆ ಸ್ಟ್ಯಾಕ್ ಮೇಲೆ ಇಡುತ್ತಾರೆ. ಒಂದೊಂದಕ್ಕೆ 4 ಬೈಟ್, ಒಟ್ಟು 16. ಹಿಂತಿರುಗುವಾಗ ಆ 16 ಬೈಟುಗಳನ್ನು ತೆಗೆಯುವ ಹೊಣೆ ಫಂಕ್ಷನ್ನಿನದು. ಸಿ ಭಾಷೆಯ ಸಾಮಾನ್ಯ ಪದ್ಧತಿಯಲ್ಲಾದರೆ ಆ ಹೊಣೆ ಕರೆದವರದ್ದು. ಈ ಎರಡು ಪದ್ಧತಿಗಳನ್ನು ಕಲಸಿದರೆ ಸ್ಟ್ಯಾಕ್ ಪ್ರತಿ ಕರೆಗೂ 16 ಬೈಟ್ ಜಾರುತ್ತದೆ, ಪ್ರೋಗ್ರಾಂ ಕುಸಿಯುವುದು ಬಹಳ ದೂರ ಹೋದ ಮೇಲೆ, ಸಂಬಂಧವೇ ಇಲ್ಲದ ಸಾಲಿನಲ್ಲಿ. 64 ಬಿಟ್ ವಿಂಡೋಸ್‌ನಲ್ಲಿ ಮೊದಲ ನಾಲ್ಕು ಮೌಲ್ಯಗಳು ರಿಜಿಸ್ಟರುಗಳಲ್ಲೇ ಹೋಗುತ್ತವೆ. 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಆರು ಪೂರ್ಣಾಂಕ ಮೌಲ್ಯಗಳಿಗೆ ಆ ಅವಕಾಶ.

ಇನ್ನೊಂದು ತೊಡಕು ಮೌಲ್ಯ ಕಳುಹಿಸುವ ಬಗೆಯದು. ಹಳೆಯ ಬೇಸಿಕ್‌ನಲ್ಲಿ 'ಬೈವಾಲ್' ಎಂಬ ಪದ ಬಿಟ್ಟರೆ ಮೌಲ್ಯದ ಬದಲು ಅದರ ವಿಳಾಸ ಹೋಗುತ್ತಿತ್ತು. ಕನ್ನಡಿಗರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಮೆಸೇಜ್‌ಬಾಕ್ಸ್‌ಗೆ ಎರಡು ರೂಪಗಳಿವೆ. ಹೆಸರಿನ ಕೊನೆಯಲ್ಲಿ 'ಎ' ಇರುವುದು ಹಳೆಯ ಕೋಡ್‌ಪೇಜ್ (ಕೆಲವೇ ಲಿಪಿಗಳಿಗೆ ಗೊತ್ತುಮಾಡಿದ ಅಕ್ಷರಸಂಕೇತಗಳ ಪಟ್ಟಿ) ಪಠ್ಯಕ್ಕೆ, 'ಡಬ್ಲ್ಯೂ' ಇರುವುದು ಯೂನಿಕೋಡ್ ಪಠ್ಯಕ್ಕೆ. ವಿಷುವಲ್ ಬೇಸಿಕ್ 6 ತನ್ನೊಳಗೆ ಯೂನಿಕೋಡನ್ನೇ ಇಟ್ಟುಕೊಂಡಿದ್ದರೂ ಡಿಕ್ಲೇರ್ ಮಾಡಿದ ಫಂಕ್ಷನ್ನಿಗೆ ಪಠ್ಯ ಕಳುಹಿಸುವಾಗ ಅದನ್ನು ಕೋಡ್‌ಪೇಜಿಗೆ ಇಳಿಸಿಬಿಡುತ್ತಿತ್ತು. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಕೋಡ್‌ಪೇಜೇ ಇರಲಿಲ್ಲ. ಹೀಗಾಗಿ ಕನ್ನಡದ ಸಂದೇಶ ಗಡಿ ದಾಟುವಷ್ಟರಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತಿತ್ತು. ಪ್ರೋಗ್ರಾಂ ಸರಿಯಿತ್ತು, ಲೈಬ್ರರಿಯೂ ಸರಿಯಿತ್ತು. ಕೆಟ್ಟದ್ದು ನಡುವಿನ ದಾರಿ.

ಹೆಸರು ಒಂದೇ, ಕೋಡು ಬೇರೆ

ಹಂಚಿಕೊಂಡ ಲೈಬ್ರರಿಗೆ ಹಂಚಿಕೊಂಡ ಅಪಾಯವೂ ಉಂಟು. 1990ರ ದಶಕದಲ್ಲಿ ಹೊಸ ತಂತ್ರಾಂಶವೊಂದನ್ನು ಹಾಕಿದರೆ ಅದು ತನ್ನ ಜೊತೆ ತಂದ ಡಿಎಲ್ಎಲ್ ಹಳೆಯದರ ಜಾಗದಲ್ಲಿ ಕೂತು, ನಿನ್ನೆಯವರೆಗೆ ಓಡುತ್ತಿದ್ದ ಮತ್ತೊಂದು ತಂತ್ರಾಂಶ ನಿಲ್ಲುತ್ತಿತ್ತು. 'ಡಿಎಲ್ಎಲ್ ಹೆಲ್' ಎಂದೇ ಇದು ಕುಖ್ಯಾತವಾಯಿತು. ಲೈಬ್ರರಿ ಬದಲಾದರೂ ಒಪ್ಪಂದ ಬದಲಾಗಬಾರದು ಎಂಬ ನಿಯಮವನ್ನು ಮೈಕ್ರೋಸಾಫ್ಟ್‌ನ 1993ರ ಕಾಮ್ ತಂತ್ರಜ್ಞಾನ ಗಟ್ಟಿಯಾಗಿ ಹಿಡಿಯಿತು. ಪ್ರಕಟಿಸಿದ ಇಂಟರ್‌ಫೇಸನ್ನು ಮತ್ತೆ ತಿದ್ದುವಂತಿಲ್ಲ, ಹೊಸತು ಬೇಕಿದ್ದರೆ 128 ಬಿಟ್‌ನ ಹೊಸ ಗುರುತುಸಂಖ್ಯೆಯೊಡನೆ ಹೊಸ ಇಂಟರ್‌ಫೇಸ್ ಕೊಡಬೇಕು. ಜೊತೆಗೆ ಬಂದ ಟೈಪ್ ಲೈಬ್ರರಿ ಆ ವಿವರಗಳನ್ನು ಯಂತ್ರ ಓದುವ ರೂಪದಲ್ಲಿ ಇಟ್ಟಿತು. ಕೈಯಲ್ಲಿ ಘೋಷಣೆ ಬರೆಯುವ ಶ್ರಮವೂ ಅದರ ತಪ್ಪುಗಳೂ ಅಷ್ಟರಮಟ್ಟಿಗೆ ಕಡಿಮೆಯಾದವು. 2001ರ ವಿಂಡೋಸ್ ಎಕ್ಸ್‌ಪಿ ಒಂದೇ ಲೈಬ್ರರಿಯ ಹಲವು ಆವೃತ್ತಿಗಳು ಅಕ್ಕಪಕ್ಕದಲ್ಲಿ ಇರಲು ಜಾಗ ಮಾಡಿತು.

ಎಲ್ಲ ಭಾಷೆಗಳೂ ಸಿ ಬಾಗಿಲಲ್ಲಿ

ಹೊಸ ಭಾಷೆಗಳು ಬಂದಂತೆ ಪ್ರತಿಯೊಂದಕ್ಕೂ ಹಳೆಯ ಕೋಡಿನ ಹತ್ತಿರ ಹೋಗುವ ದಾರಿ ಬೇಕಾಯಿತು. ಜಾವಾ 1997ರಲ್ಲಿ ಜೆಎನ್ಐ ತಂದಿತು. ಅದರಲ್ಲಿ ನಡುವೆ ಸಿ ಭಾಷೆಯ ಅಂಟುಕೋಡು ಬರೆಯಲೇಬೇಕು. 2002ರ ಡಾಟ್‌ನೆಟ್ 'ಡಿಎಲ್ಎಲ್ ಇಂಪೋರ್ಟ್' ಎಂಬ ಗುರುತಿನಿಂದ ಆ ಅಂಟನ್ನು ತಾನೇ ಹುಟ್ಟಿಸಿತು. 1996ರಲ್ಲಿ ಆಂಥೊನಿ ಗ್ರೀನ್ ಆರಂಭಿಸಿದ ಲಿಬ್‌ಎಫ್‌ಎಫ್‌ಐ ಪ್ರತಿ ಪ್ರೊಸೆಸರಿನ ಕರೆಯ ನಿಯಮಗಳನ್ನು ಒಂದೇ ಕಡೆ ಕಟ್ಟಿಕೊಟ್ಟಿತು. ಅದರ ಮೇಲೆ ನಿಂತ ಸಿಟೈಪ್ಸ್ 2006ರಲ್ಲಿ ಪೈಥಾನ್ 2.5ರೊಂದಿಗೆ ಬಂದ ಮೇಲೆ, ಸಿ ಇಂಟರ್‌ಫೇಸ್ ಇರುವ ಯಾವ ಲೈಬ್ರರಿಯನ್ನಾದರೂ ಎರಡು ಸಾಲಿನಲ್ಲಿ ಕರೆಯಬಹುದಾಯಿತು.

ಆ ಸಲೀಸಿನ ಬೆನ್ನಿಗೇ ಒಂದು ಗುಂಡಿ ಇದೆ. ಏನೂ ಹೇಳದಿದ್ದರೆ ಸಿಟೈಪ್ಸ್ ಫಂಕ್ಷನ್ನಿನ ಉತ್ತರವನ್ನು ಸಾಮಾನ್ಯ ಪೂರ್ಣಾಂಕವೆಂದು ಭಾವಿಸುತ್ತದೆ. 64 ಬಿಟ್ ಯಂತ್ರದಲ್ಲಿ ಲೈಬ್ರರಿ ಪಾಯಿಂಟರ್ ಹಿಂತಿರುಗಿಸಿದರೆ ಅದರ ಮೇಲಿನ ಅರ್ಧ ಕತ್ತರಿಸಿಹೋಗುತ್ತದೆ. ವಿಳಾಸ ಸಣ್ಣದಿದ್ದ ದಿನ ಎಲ್ಲವೂ ಸರಿಯಾಗಿ ಓಡುತ್ತದೆ, ದೊಡ್ಡದಾದ ದಿನ ಕುಸಿಯುತ್ತದೆ. 'ರೆಸ್‌ಟೈಪ್' ಎಂಬ ಒಂದು ಸಾಲು ಬರೆದಿದ್ದರೆ ಈ ಸಂಕಟವಿಲ್ಲ. ಒಪ್ಪಂದದ ಒಂದು ಅಂಶ ಬರಹಕ್ಕೆ ಬಾರದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

'ಸೂರ್ಯ' ಮೂಡುವ ಬಗೆ

ಈ ಕರೆಗಳು ಕನ್ನಡಕ್ಕೆ ಎಷ್ಟು ಹತ್ತಿರದವು ಎಂಬುದನ್ನು ಒಂದು ಪದದಲ್ಲಿ ನೋಡಬಹುದು. 'ಸೂರ್ಯ' ಎಂಬುದು ಯೂನಿಕೋಡ್‌ನಲ್ಲಿ ಐದು ಸಂಕೇತಗಳ ಸಾಲು: ಸ, ಊಕಾರದ ಚಿಹ್ನೆ, ರ, ಹಲಂತ, ಯ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಪರದೆಯಲ್ಲಿ ಮಾತ್ರ ರ-ಕಾರ ಯ-ಕಾರದ ನಂತರ ಅರ್ಕಾವತ್ತಾಗಿ ಕಾಣಬೇಕು. ಈ ಸ್ಥಾನಪಲ್ಲಟ ಬಲ್ಲ ಲೈಬ್ರರಿ ಹಾರ್ಫ್‌ಬಜ್. ಪ್ರೋಗ್ರಾಂ ಒಂದು ಬಫರ್ ಕೇಳಿ ಪಡೆದು, 15 ಬೈಟುಗಳನ್ನು ಅದಕ್ಕೆ ತುಂಬಿ, ಫಾಂಟಿನ ಜೊತೆ 'ಎಚ್‌ಬಿ_ಶೇಪ್' ಫಂಕ್ಷನ್ನಿಗೆ ಒಪ್ಪಿಸುತ್ತದೆ. ಹಿಂತಿರುಗುವುದು ಫಾಂಟಿನ ಯಾವ ಚಿತ್ರ, ಎಲ್ಲಿ ಕೂರಬೇಕು ಎಂಬ ಪಟ್ಟಿ. ಯ-ಕಾರಕ್ಕೂ ಅರ್ಕಾವತ್ತಿಗೂ ಒಂದೇ ಗುಂಪಿನ ಸಂಖ್ಯೆ ಇರುತ್ತದೆ. ಇವೆರಡೂ ಮೂಲಪಠ್ಯದ ಒಂದೇ ತುಣುಕಿನಿಂದ ಬಂದವು ಎಂದು ಪ್ರೋಗ್ರಾಂಗೆ ತಿಳಿಯುವುದು ಅದರಿಂದ. ಇಲ್ಲೂ ಷರತ್ತುಗಳಿವೆ. ಬಫರನ್ನು ಕೊನೆಗೆ ತೆರವು ಮಾಡುವುದು ಕರೆದವರ ಹೊಣೆ, ಒಳಗಿನ ಪಟ್ಟಿ ಬಫರಿನ ಸೊತ್ತು, ಅದನ್ನು ಬೇರೆಯಾಗಿ ತೆರವು ಮಾಡಕೂಡದು.

ಮೊದಲು ಈ ಸೌಕರ್ಯವಿರಲಿಲ್ಲ. ಅಕ್ಷರದ ತುಣುಕುಗಳನ್ನೇ ಫಾಂಟಿನ ಸಂಕೇತಗಳಾಗಿ ಕಡತದಲ್ಲಿ ಉಳಿಸುವ ಕಾಲದಲ್ಲಿ ಒಂದು ತಂತ್ರಾಂಶದ ಕನ್ನಡ ಇನ್ನೊಂದರಲ್ಲಿ ಓದಲಾಗುತ್ತಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಸ್ಕ್ರೈಬ್ ಲೈಬ್ರರಿ ಮತ್ತು ತುಂಗಾ ಫಾಂಟಿನಿಂದ ಯೂನಿಕೋಡ್ ಕನ್ನಡ ಮೂಡತೊಡಗಿತು. ಇಂದು ಫೈರ್‌ಫಾಕ್ಸ್, ಕ್ರೋಮ್ ಎರಡೂ ಹಾರ್ಫ್‌ಬಜ್ ಬಳಸುತ್ತವೆ. 2017ರ ಲಿಬ್ರೆಆಫೀಸ್ 5.3 ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲೂ ಅದನ್ನೇ ನೆಚ್ಚಿತು. ಒತ್ತಕ್ಷರದ ಒಂದು ದೋಷವನ್ನು ಒಂದು ಕಡೆ ತಿದ್ದಿದರೆ ಅದರ ಫಲ ಇವೆಲ್ಲಕ್ಕೂ ಸಿಗುತ್ತದೆ.

ನಂಬಿಕೆಯ ಪ್ರಶ್ನೆ

ಕರೆದ ಲೈಬ್ರರಿ ನಮ್ಮ ಪ್ರೋಗ್ರಾಮಿನ ಮೆಮೊರಿಯಲ್ಲೇ, ನಮ್ಮದೇ ಅಧಿಕಾರದಲ್ಲಿ ಓಡುತ್ತದೆ. 2014ರ ಏಪ್ರಿಲ್‌ನಲ್ಲಿ, ಅಂತರ್ಜಾಲದ ಸಂವಹನವನ್ನು ಗೂಢಲಿಪಿಯಿಂದ ಕಾಯುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಒಂದೇ ಲೈಬ್ರರಿಯ ತಪ್ಪು ಎಷ್ಟು ದೂರ ಹರಡಬಲ್ಲದು ಎಂದು ಜಗತ್ತು ಕಂಡಿತು. 2024ರ ಮಾರ್ಚ್ 29ರಂದು ಬೆಳಕಿಗೆ ಬಂದ ಎಕ್ಸ್‌ಜೆಡ್ ಪ್ರಕರಣ ಇನ್ನೂ ಗಂಭೀರ. ಕಡತ ಕುಗ್ಗಿಸುವ ಲೈಬ್ರರಿಯ ಎರಡು ಆವೃತ್ತಿಗಳಲ್ಲಿ ಉದ್ದೇಶಪೂರ್ವಕವಾಗಿ ಹಿಂಬಾಗಿಲು ಇಡಲಾಗಿತ್ತು. ದೂರದಿಂದ ಲಾಗಿನ್ ಆಗುವಾಗ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದನ್ನು ಬೆನ್ನಟ್ಟಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಪತ್ತೆಮಾಡಿದರು. ಕರೆಯ ವ್ಯಾಕರಣ ಸರಿಯಿದ್ದ ಮಾತ್ರಕ್ಕೆ ಕರೆದ ಕೋಡು ಪ್ರಾಮಾಣಿಕ ಎಂದಾಗದು.

ಈಚಿನ ಬೆಳವಣಿಗೆಗಳು ಗಡಿಯನ್ನು ಎದ್ದು ಕಾಣುವಂತೆ ಮಾಡುತ್ತಿವೆ. ರಸ್ಟ್ ಭಾಷೆ ಸಾಮಾನ್ಯವಾಗಿ ಹೊರಗಿನ ಫಂಕ್ಷನ್ನಿನ ಕರೆಯನ್ನು 'ಅನ್‌ಸೇಫ್' ಎಂದು ಗುರುತಿಸಲು ಒತ್ತಾಯಿಸುತ್ತದೆ. 2024ರ ಮಾರ್ಚಿನ ಜಾವಾ 22 ಅಂಟುಕೋಡಿಲ್ಲದೆ ಲೈಬ್ರರಿ ಕರೆಯುವ, ಹೊರಗಿನ ಮೆಮೊರಿಗೆ ಎಲ್ಲೆ ಮತ್ತು ಆಯಸ್ಸು ಗೊತ್ತುಮಾಡುವ ವ್ಯವಸ್ಥೆಯನ್ನು ಸ್ಥಿರಗೊಳಿಸಿತು. ಮೈಕ್ರೋಸಾಫ್ಟ್ ವಿಂಡೋಸ್ ಫಂಕ್ಷನ್ನುಗಳ ವಿವರವನ್ನು ಯಂತ್ರ ಓದುವ ರೂಪದಲ್ಲಿ ಪ್ರಕಟಿಸಿದೆ. ಸಿ ಶಾರ್ಪ್, ರಸ್ಟ್ ಭಾಷೆಗಳ ಘೋಷಣೆಗಳು ಈಗ ಅದರಿಂದ ತಾವಾಗಿಯೇ ಹುಟ್ಟುತ್ತವೆ.

ಈ ಚರಿತ್ರೆಯಿಂದ ಕನ್ನಡದ ತಂತ್ರಾಂಶ ಕಟ್ಟುವವರು ಕಲಿಯಬೇಕಾದ್ದು ಇದೆ. ಕಾಗುಣಿತ ಪರೀಕ್ಷಿಸುವ ಹನ್‌ಸ್ಪೆಲ್ ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಅದೂ ಕನ್ನಡದ ಹಾಗೆ ಪ್ರತ್ಯಯಗಳು ಸಾಲುಗಟ್ಟಿ ಸೇರುವ ಭಾಷೆ. ಹನ್‌ಸ್ಪೆಲ್ ಒಂದು ತಂತ್ರಾಂಶದ ಒಳಗೆ ಅಡಗಿ ಕೂರದೆ, ಯಾರು ಬೇಕಾದರೂ ಕರೆಯಬಹುದಾದ ಸರಳ ಲೈಬ್ರರಿಯಾಗಿ ನಿಂತದ್ದರಿಂದ ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳವರೆಗೂ ತಲುಪಿತು. ನಮ್ಮಲ್ಲಿ ಸಂಧಿ ಬಿಡಿಸುವ, ವಿಭಕ್ತಿ ಗುರುತಿಸುವ, ಅಕಾರಾದಿ ಜೋಡಿಸುವ ಕೆಲಸ ಮಾಡುವವರು ಅದನ್ನು ಸಿ ಇಂಟರ್‌ಫೇಸ್ ಇರುವ ಲೈಬ್ರರಿಯಾಗಿ ಕೊಡಬೇಕು. ಪಠ್ಯ ಯಾವ ಸಂಕೇತದಲ್ಲಿ ಬರಬೇಕು, ಮೆಮೊರಿ ಯಾರದ್ದು, ತಪ್ಪಾದರೆ ಏನು ಉತ್ತರ ಎಂಬುದನ್ನು ಬರೆದಿಡಬೇಕು, ಬರೆದ ಮೇಲೆ ಮುರಿಯಬಾರದು. ಹಾಗೆ ಮಾಡಿದರೆ ಇನ್ನೂ ಹುಟ್ಟದ ಭಾಷೆಯಲ್ಲಿ ಬರೆಯಲಿರುವ ಪ್ರೋಗ್ರಾಂ ಕೂಡ ಅವರ ಕೆಲಸವನ್ನು ಕರೆದು ಬಳಸಿಕೊಳ್ಳಬಲ್ಲದು.