ಅರಸೀಕೆರೆಯಿಂದ ಶೆಟ್ಟಿಹಳ್ಳಿಗೆ: ಒಂದು ದಿನದ ಪ್ರವಾಸ

ಅರಸೀಕೆರೆಯು ರೈಲ್ವೆ ಜಂಕ್ಷನ್ ಆಗಿದ್ದು, ಇಲ್ಲಿಂದ ಹಾಸನ ಮಾರ್ಗವಾಗಿ ಶೆಟ್ಟಿಹಳ್ಳಿಯ ಮುಳುಗಡೆ ಚರ್ಚನ್ನು ಒಂದೇ ದಿನದಲ್ಲಿ ನೋಡಿ ಹಿಂದಿರುಗಬಹುದಾಗಿದೆ. ಹೊರಡುವ ಮುನ್ನ ಪಟ್ಟಣದಲ್ಲಿಯೇ ಇರುವ, 1220ರ ಸುಮಾರಿನ ಹೊಯ್ಸಳ ಶಿವಾಲಯವನ್ನು ವೀಕ್ಷಿಸಬಹುದು. ಬೇಲೂರು, ಹಳೇಬೀಡುಗಳಿಗೆ ಮಾತ್ರ ಬೇರೊಂದು ದಿನವನ್ನೇ ಮೀಸಲಿಡುವುದು ಸೂಕ್ತ.

ಶೆಟ್ಟಿಹಳ್ಳಿಯು ಹಾಸನದಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಇಲ್ಲಿನ ರೋಸರಿ ಚರ್ಚ್, ಗೊರೂರಿನ ಬಳಿ ಹೇಮಾವತಿ ನದಿಗೆ ನಿರ್ಮಿಸಲಾದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡ ನಂತರ ಹಿನ್ನೀರಿನ ಪಾಲಾಯಿತು. ಮುಳುಗಿದ್ದು ಚರ್ಚ್ ಒಂದೇ ಅಲ್ಲ. ನದಿದಂಡೆಯ ಹಲವು ಗ್ರಾಮಗಳ ಮನೆ, ಗದ್ದೆ, ತೋಟಗಳು ಜಲಾಶಯಕ್ಕೆ ಸೇರಿ, ಅಲ್ಲಿನ ಕುಟುಂಬಗಳು ಬೇರೆಡೆ ನೆಲೆಸಬೇಕಾಯಿತು. ಅಳಿದ ಊರುಗಳ ಗುರುತಾಗಿ ಇಂದು ಎದ್ದು ಕಾಣುವುದು ಈ ಗೋಡೆಗಳು.

ಜಲಾಶಯದ ಪೂರ್ಣ ಮಟ್ಟ 2,922 ಅಡಿ. ಮುಂಗಾರಿನಲ್ಲಿ ನೀರು ಈ ಮಟ್ಟವನ್ನು ಸಮೀಪಿಸಿದಾಗ ಕಟ್ಟಡದ ಕೆಳಭಾಗ ಮುಳುಗಿ, ಮೇಲ್ಭಾಗವಷ್ಟೇ ಗೋಚರಿಸುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಗೋಡೆಗಳವರೆಗೆ ನಡೆದು ಹೋಗಬಹುದು. ಆದ್ದರಿಂದ ಪ್ರವಾಸಿಗರು ಜಲಾಶಯದ ಅಂದಿನ ಮಟ್ಟವನ್ನು ತಿಳಿದುಕೊಂಡೇ ಹೊರಡುವುದು ಒಳಿತು.

ಛಾವಣಿ ಉಳಿದಿಲ್ಲ. ವರ್ಷ ವರ್ಷವೂ ನೆನೆದು ಒಣಗುವ ಗೋಡೆಗಳು ಶಿಥಿಲಗೊಂಡಿರುವುದರಿಂದ ಅವುಗಳನ್ನು ಹತ್ತುವುದು, ಕಮಾನುಗಳ ಕೆಳಗೆ ನಿಲ್ಲುವುದು ಹಾಗೂ ಹಿನ್ನೀರಿಗೆ ಇಳಿಯುವುದು ಅಪಾಯಕರ. ದಂಡೆಯ ಕೆಸರು ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಕಾಲು ಹೂತುಹೋಗುವ ಸಂಭವವಿದ್ದು, ಮಕ್ಕಳ ಬಗ್ಗೆ ವಿಶೇಷ ಎಚ್ಚರ ವಹಿಸತಕ್ಕದ್ದು. ಊಟ ಮತ್ತು ಕುಡಿಯುವ ನೀರನ್ನು ಹಾಸನದಿಂದಲೇ ಒಯ್ಯುವುದು ಅನುಕೂಲಕರ.